ತೂಕದ ಪುಸ್ತಕದಲ್ಲಿ ಹೆಸರಿಲ್ಲದವರು

ಜನವರಿಯಲ್ಲಿ ಕೊಡಗಿನ ಸುಂಟಿಕೊಪ್ಪದ ಹತ್ತಿರ ಚಿಕ್ಕಪ್ಪನ ತೋಟದಲ್ಲಿದ್ದೆ. ರೋಬಸ್ಟಾ ಕಾಫಿಯ ಕುಯ್ಲು ಬಿರುಸಾಗಿ ನಡೆದಿತ್ತು. ಸಂಜೆ ಕಣದ ಬದಿಯಲ್ಲಿ ಚೀಲಗಳನ್ನು ತೂಕಕ್ಕೆ ಇಡುತ್ತಿದ್ದರು, ತೋಟದ ಲೆಕ್ಕ ಬರೆಯುವ ರೈಟರ್ ಪುಸ್ತಕ ಹಿಡಿದು ಕೂಗಿ ಬರೆದುಕೊಳ್ಳುತ್ತಿದ್ದರು. "ಅಸ್ಸಾಂ ಒಂದು, ನೂರಾ ಹತ್ತು. ಅಸ್ಸಾಂ ಎರಡು, ತೊಂಬತ್ತಾರು." ಬಗ್ಗಿ ನೋಡಿದೆ. ಊರಿನ ಕೆಲಸದವರಿಗೆಲ್ಲ ಹೆಸರಿತ್ತು. ಅದರ ಕೆಳಗೆ ಹನ್ನೊಂದು ಸಾಲುಗಳಲ್ಲಿ ಅಸ್ಸಾಂ ಎಂಬ ಪದ, ಮುಂದೆ ಒಂದು ಅಂಕಿ.

"ಇವರ ಹೆಸರೇನು ಚಿಕ್ಕಪ್ಪ?" ಎಂದು ಕೇಳಿದೆ.

"ಆ ಹೆಸರೆಲ್ಲ ನಮ್ಮ ಬಾಯಿಗೆ ಹೊರಳುವುದಿಲ್ಲ. ಮುಂದಿನ ವರ್ಷ ಬೇರೆಯವರೇ ಬರುತ್ತಾರೆ, ಬಿಡು" ಎಂದರು.

ನನಗೆ ರಾತ್ರಿಯೆಲ್ಲ ನಿದ್ದೆ ಬರಲಿಲ್ಲ. ನ್ಯೂಜೆರ್ಸಿಯಲ್ಲಿ ನಾನೂ ಹೊರಗಿನಿಂದ ಬಂದ ಕೆಲಸದವನೇ. ಅಲ್ಲಿ ಕಾಯಂ ನೆಲೆಸಲು ಬೇಕಾದ ಗ್ರೀನ್ ಕಾರ್ಡ್‌ಗೆ ನನ್ನ ಅರ್ಜಿಯ ಸರದಿ 2014ರದು, ಇನ್ನೂ ಬಂದಿಲ್ಲ. ಅಮೆರಿಕದ 1990ರ ಕಾನೂನು ಉದ್ಯೋಗದ ಆಧಾರದಲ್ಲಿ ವರ್ಷಕ್ಕೆ ಸುಮಾರು 1,40,000 ಕಾರ್ಡ್ ಇಟ್ಟಿತು. ಹೆಂಡತಿ ಮಕ್ಕಳೂ ಅದೇ ಲೆಕ್ಕದಲ್ಲಿ ಬರುತ್ತಾರೆ. ಯಾವ ದೇಶಕ್ಕೂ ಸಾಮಾನ್ಯವಾಗಿ ಶೇಕಡಾ 7ಕ್ಕಿಂತ ಹೆಚ್ಚು ಸಿಗುವುದಿಲ್ಲ. ಪುಟ್ಟ ದೇಶಕ್ಕೂ ಅಷ್ಟೇ, ಭಾರತಕ್ಕೂ ಅಷ್ಟೇ. ನಾಲ್ಕು ವರ್ಷದವಳಾಗಿ ಬಂದ ನನ್ನ ಮಗಳಿಗೆ ಈಗ ಹತ್ತೊಂಬತ್ತು. ಇಪ್ಪತ್ತೊಂದು ತುಂಬಿದ ಮೇಲೆ ನನ್ನ ವೀಸಾದ ನೆರಳಿನಲ್ಲಿ ಅವಳು ಇರುವಂತಿಲ್ಲ. ಬೇರೆ ವೀಸಾ ಹುಡುಕಬೇಕು, ಇಲ್ಲವೇ ತನಗೆ ಗೊತ್ತಿರುವ ಒಂದೇ ಊರನ್ನು ಬಿಟ್ಟು ಹೊರಡಬೇಕು.

ಈ ಸಂಕಟವನ್ನು ಒಮ್ಮೆ ಪಕ್ಕದ ಮನೆಯ ಅಜ್ಜಿಯ ಹತ್ತಿರ ಹೇಳಿಕೊಂಡೆ. ನಿವೃತ್ತ ಶಾಲಾ ಶಿಕ್ಷಕಿ, ಹುಟ್ಟಿದ್ದು ಅಲ್ಲೇ. ಮಾರನೆಯ ದಿನವೇ ನಮ್ಮ ಕ್ಷೇತ್ರದ ಪ್ರತಿನಿಧಿಯ ಕಚೇರಿಗೆ ಫೋನ್ ಮಾಡಿ ಭೇಟಿಗೆ ಸಮಯ ಗೊತ್ತು ಮಾಡಿದರು. ನನಗೆ ಮತವಿಲ್ಲ, ನಾನು ಯಾಕೆ ಬರಲಿ ಎಂದೆ. "ನನಗಿದೆಯಲ್ಲ, ನಾನು ಪಕ್ಕದಲ್ಲಿ ಕೂರುತ್ತೇನೆ" ಎಂದರು.

ಪರಿಚಯದ ಪತ್ರ, ಹಾರ, ಶಾಲು, ಜೊತೆಗೊಬ್ಬ ಮುಖಂಡ, ಇವೆಲ್ಲ ಇಲ್ಲದೆ ಜನಪ್ರತಿನಿಧಿಯ ಕಚೇರಿಯ ಮೆಟ್ಟಿಲು ಹತ್ತಿದ್ದು ನನ್ನ ಜೀವನದಲ್ಲಿ ಅದೇ ಮೊದಲು. ಒಳಗೆ ಇದ್ದವಳು ಇಪ್ಪತ್ತೈದರ ಆಸುಪಾಸಿನ ಹುಡುಗಿ. ಮೊದಲು ಕೇಳಿದ್ದು ನಾವಿರುವ ಬಡಾವಣೆಯ ಪಿನ್‌ಕೋಡ್. ಮತದ ಗುರುತಿನ ಚೀಟಿಯ ಮಾತೇ ಬರಲಿಲ್ಲ. ನನ್ನಂತೆ ಕಾರ್ಡಿಗೆ ಕಾಯುತ್ತಿರುವ ನಮ್ಮ ಗುಂಪಿನವರು ಕಲಿಸಿಕೊಟ್ಟಂತೆ ಎರಡು ನಿಮಿಷ ನಮ್ಮ ಮನೆಯ ಕಥೆ ಹೇಳಿದೆ, ಕೊನೆಗೆ ಒಂದೇ ಬೇಡಿಕೆ ಇಟ್ಟೆ: ಆ ಶೇಕಡಾ 7ರ ಮಿತಿ ತೆಗೆಯುವ ಮಸೂದೆಗೆ ಸಹಪ್ರಾಯೋಜಕರಾಗಿ. ಅವಳು ಬರೆದುಕೊಳ್ಳುತ್ತಾ ನಡುವೆ ಪೆನ್ನು ನಿಲ್ಲಿಸಿ, "ಮಗಳ ಹೆಸರನ್ನು ಹೇಗೆ ಬರೆಯಬೇಕು? ಒಂದೊಂದೇ ಅಕ್ಷರ ಹೇಳಿ" ಎಂದಳು. ಹೇಳಿದೆ. ಬರೆದ ಹಾಳೆಯನ್ನು ನನ್ನ ಕಡೆ ತಿರುಗಿಸಿ, ಸರಿಯಿದೆಯೇ ಎಂದು ತೋರಿಸಿದಳು.

ಆ ಹಾಳೆ ನನ್ನ ಕಣ್ಣಿಗೆ ಕಟ್ಟಿದೆ. ತೋಟದ ತೂಕದ ಪುಸ್ತಕ ನೋಡಿದಾಗ ನೆನಪಾದದ್ದು ಅದೇ.

ನಮ್ಮ ತೋಟಗಳ ಲೈನ್ ಮನೆಗಳಲ್ಲಿ, ಅಂದರೆ ಕೆಲಸದವರ ಸಾಲುಮನೆಗಳಲ್ಲಿ, ಇರುವ ಅಸ್ಸಾಮಿನವರು ಪರದೇಶದವರಲ್ಲ. ದೇಶದ ಯಾವ ಮೂಲೆಯಲ್ಲಾದರೂ ನೆಲೆಸುವ ಹಕ್ಕನ್ನು ಸಂವಿಧಾನದ 19ನೇ ವಿಧಿ ಅವರಿಗೆ ಕೊಟ್ಟಿದೆ. ಆದರೂ ಪೇಟೆಯಲ್ಲಿ ಮೊದಲು ಕೇಳುವುದು "ಇವನು ನಿಜವಾಗಿ ಎಲ್ಲಿಯವನು" ಎಂದು. ಅವರಿಗೆ ಮತವಿದೆ, ಅದು ಇರುವುದು ರೈಲಿನಲ್ಲಿ ಮೂರು ದಿನದ ದಾರಿಯಾಚೆ. ಹೀಗಾಗಿ ನಮ್ಮ ಕಡೆಯ ಯಾವ ಅಭ್ಯರ್ಥಿಗೂ ಅವರು ಬೇಡ. ಇಂಥವರನ್ನು ಕರೆತರುವ ಗುತ್ತಿಗೆದಾರ ಪ್ರತಿಯೊಬ್ಬರಿಗೂ ಭಾವಚಿತ್ರವಿರುವ ಪಾಸ್ ಪುಸ್ತಕ ಕೊಡಬೇಕೆಂದು 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆಯೇ ಹೇಳಿತ್ತು. ಚಿಕ್ಕಪ್ಪನ ಲೈನಿನಲ್ಲಿ ನಾನು ಕೇಳಿದ ಒಬ್ಬರ ಬಳಿಯೂ ಅದು ಇರಲಿಲ್ಲ. ಇದನ್ನು ಕೇಳಬೇಕಾದವರು ನಾವು, ಮತ ಇರುವವರು, ತೋಟ ಇರುವವರು. ಆ ಅಜ್ಜಿ ನನಗಾಗಿ ಕುರ್ಚಿ ಎಳೆದು ಪಕ್ಕದಲ್ಲಿ ಕುಳಿತಂತೆ, ಲೈನ್ ಮನೆಯವರ ಜೊತೆ ಪಂಚಾಯಿತಿಗೋ ಕಾರ್ಮಿಕ ಇಲಾಖೆಗೋ ಹೋಗಿ ಕುಳಿತ ಒಬ್ಬ ಬೆಳೆಗಾರನನ್ನು ನಾನು ಕಂಡಿಲ್ಲ.

ನಮ್ಮ ಜಿಲ್ಲೆಗೆ ಹೋರಾಟ ಗೊತ್ತಿಲ್ಲವೆಂದಲ್ಲ. 2016ರ ಡಿಸೆಂಬರಿನಲ್ಲಿ ದಿಡ್ಡಳ್ಳಿಯಲ್ಲಿ ಗುಡಿಸಲುಗಳನ್ನು ಕೆಡವಿದಾಗ ಆದಿವಾಸಿಗಳು ಜಾಗ ಬಿಟ್ಟು ಕದಲಲಿಲ್ಲ, ಚಳಿಯಲ್ಲಿ ಅಲ್ಲೇ ಕುಳಿತರು. ಕೊನೆಗೆ ಸರ್ಕಾರ ಬಸವನಹಳ್ಳಿ, ಬ್ಯಾಡಗೊಟ್ಟದಲ್ಲಿ ಅವರಿಗೆ ನೆಲೆ ಕೊಡಬೇಕಾಯಿತು. ಅವರಲ್ಲಿ ಅನೇಕರು ನಮ್ಮ ತೋಟಗಳ ಲೈನಿನಿಂದಲೇ ಹೋದವರು. ನಾವೆಷ್ಟು ಮಂದಿ ಅವರ ಜೊತೆ ಕುಳಿತೆವು?

ಇದನ್ನೆಲ್ಲ ಚಿಕ್ಕಪ್ಪನ ಮುಂದೆ ಹೇಳಿದೆ, ಸ್ವಲ್ಪ ಜೋರಾಗಿಯೇ ಹೇಳಿದೆ. ಅವರು ಕೇಳಿದ್ದು ಒಂದೇ ಮಾತು: "ಹೆಸರು ಬರೆದುಕೊಂಡರಲ್ಲ, ಕಾರ್ಡ್ ಕೊಟ್ಟರಾ?"

ಕೊಟ್ಟಿಲ್ಲ. 2019ರ ಜುಲೈ 10ರಂದು ಅಮೆರಿಕದ ಸಂಸತ್ತಾದ ಕಾಂಗ್ರೆಸ್ಸಿನ ಕೆಳಮನೆಯಲ್ಲಿ ಆ ಮಸೂದೆಯ ಪರ 365 ಮತ ಬಿದ್ದವು, ವಿರುದ್ಧ 65. ಆ ರಾತ್ರಿ ಮನೆಯಲ್ಲಿ ಪಾಯಸ ಮಾಡಿದ್ದೆವು. 2020ರ ಡಿಸೆಂಬರ್ 2ರಂದು ಸೆನೆಟ್ ಕೂಡ ತನ್ನದೇ ರೂಪದಲ್ಲಿ ಒಪ್ಪಿತು. ಎರಡನ್ನೂ ಒಂದು ಮಾಡುವಷ್ಟರಲ್ಲಿ ಆ ಕಾಂಗ್ರೆಸ್ಸಿನ ಅವಧಿ ಮುಗಿದು ಮಸೂದೆ ಸತ್ತಿತು. ಇಷ್ಟೆಲ್ಲ ಫೋನ್, ಇಷ್ಟೆಲ್ಲ ಭೇಟಿ ಆದ ಮೇಲೂ ಆ ಶೇಕಡಾ 7 ಅಲ್ಲೇ ಇದೆ. ಅಜ್ಜಿ ಮಾತ್ರ ಈಗಲೂ ತಿಂಗಳಿಗೊಮ್ಮೆ ಫೋನ್ ಮಾಡುತ್ತಾರೆ.

ಇನ್ನೊಂದನ್ನೂ ಹೇಳಲೇಬೇಕು, ಹೇಳದಿದ್ದರೆ ಚಿಕ್ಕಪ್ಪನಿಗೆ ಅನ್ಯಾಯವಾಗುತ್ತದೆ. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದಾಗ ಲೈನ್ ಮನೆಯವರನ್ನೆಲ್ಲ ಅವರು ತಮ್ಮ ಮನೆಯ ಜಗಲಿಗೆ ಕರೆತಂದಿದ್ದರು. ಒಂದೇ ಪಾತ್ರೆಯ ಗಂಜಿ ಎಲ್ಲರಿಗೂ. ಯಾರ ಕಾಗದವನ್ನೂ ಯಾರೂ ಕೇಳಲಿಲ್ಲ. ನಾನು ಊರಿಗೆ ಬರುವ ಹದಿನೈದು ದಿನ ಮೊದಲು ಅಸ್ಸಾಮಿನ ಒಂದು ಮಗುವಿಗೆ ಜ್ವರ ನೆತ್ತಿಗೇರಿದಾಗ, ನಡುರಾತ್ರಿ ಜೀಪು ತೆಗೆದು ಮಡಿಕೇರಿಗೆ ಓಡಿದವರೂ ಅವರೇ. ಬೆಳಗಿನವರೆಗೆ ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತಿದ್ದರು. ನ್ಯೂಜೆರ್ಸಿಯಲ್ಲಿ ನನ್ನ ಕೆಲಸದ ಯಜಮಾನ ನನಗಾಗಿ ಹಾಗೆ ಕೂರುತ್ತಾನೆಂದು ನಾನು ಹೇಳಲಾರೆ.

ಜೊತೆಗೆ ಹೋಗಿದ್ದ ಚಿಕ್ಕಮ್ಮ ನನಗೆ ಇದನ್ನು ಹೇಳಿದ್ದು. ಒಳಗೆ ಚೀಟಿ ಬರೆಯುವವರು ಮಗುವಿನ ಹೆಸರು ಕೇಳಿದರಂತೆ. ಚಿಕ್ಕಪ್ಪ ತಾಯಿಯ ಕಡೆ ತಿರುಗಿದರು. ಅವಳು ಹೇಳಿದಳು, ಇವರಿಗೆ ತಿಳಿಯಲಿಲ್ಲ. ಮತ್ತೆ ಕೇಳಿದರು, ಮತ್ತೂ ತಿಳಿಯಲಿಲ್ಲ. ಮೂರನೆಯ ಸಲ ಅವಳ ಹತ್ತಿರ ಹೋಗಿ, ಕಿವಿಗೊಟ್ಟು ಕೇಳಿ, ತಾವೇ ಪೆನ್ನು ತೆಗೆದುಕೊಂಡು ಕನ್ನಡದಲ್ಲಿ ಬರೆದರಂತೆ.