ಗೋಲಿಗೆ ಯಾರು ನಿಲ್ತೀರಿ?

ನಿನ್ನೆ ಭಾನುವಾರ, ಅಂಗಡಿಗೆ ಅರ್ಧ ದಿನ ರಜಾ. ಊಟ ಮಾಡಿ ಒಂದು ತಾಸು ಅಡ್ಡಾಗೋಣ ಅಂತ ಮನೆಗೆ ಬಂದ್ರೆ ಬಾಗಿಲ ಮುಂದೆ ಒಂಬತ್ತು ಜೊತೆ ಚಪ್ಪಲಿ. ಯಾರಾದ್ರೂ ಹೋಗಿಬಿಟ್ರೇನೋ ಅಂತ ಎದೆ ಧಸಕ್ ಅಂತು. ಒಳಗೆ ನೋಡಿದ್ರೆ ಮಗನ ಇಡೀ ಗ್ಯಾಂಗ್ ಟಿವಿ ಮುಂದೆ ಠಿಕಾಣಿ ಹೂಡಿದೆ. ಹೊಸ ಫುಟ್‌ಬಾಲ್ ಗೇಮ್, ಎಫ್‌ಸಿ 26. ನನ್ನ ಸೋಫಾ ಹೋಯ್ತು, ನಿದ್ದೆನೂ ಹೋಯ್ತು. ನಮ್ಮನೆಯಾಕಿ ಅಡುಗೆಮನೆಯಲ್ಲಿ ಅಷ್ಟೂ ಮಂದಿಗೆ ಗಿರ್ಮಿಟ್ ಕಲಸ್ತಾ ನಿಂತಿದ್ಲು, ನನ್ನ ಕೈಗೆ ಈರುಳ್ಳಿ, ಚಾಕು ಕೊಟ್ಲು. ಹೀಗಾಗಿ ಈ ಹುಡುಗರ ವಾದವನ್ನ ಎರಡು ತಾಸು ಕಣ್ಣೀರು ಸುರಿಸ್ತಾನೇ ಕೇಳಿದೆ.

ಅಂತಿಂಥ ವಾದ ಅಲ್ಲ ಅದು. ನಮ್ಮ ಗೋವಾದ ವಾಸ್ಕೋ ಹುಡುಗರು ಗೊತ್ತಲ್ಲ, ಕೊಂಕಣಿ, ಹಿಂದಿ, ನಮ್ಮ ಗದಗ ಕಡೆ ಕನ್ನಡ ಮೂರನ್ನೂ ಒಂದೇ ಬೋಗುಣಿಯಲ್ಲಿ ಕಲಸಿ ಜಗಳ ಆಡ್ತಾರೆ. ಈ ಸಲ ಎರಡು ಥರದ ಆಟ ಕೊಟ್ಟಿದ್ದಾರೆ, ಆನ್‌ಲೈನ್‌ನಲ್ಲಿ ಗುದ್ದಾಡೋರಿಗೆ ಕಾಂಪಿಟಿಟಿವ್, ಒಬ್ಬನೇ ಕೂತು ನಿಧಾನಕ್ಕೆ ಆಡೋರಿಗೆ ಆಥೆಂಟಿಕ್, ಇದಕ್ಕಿಂತ ದೊಡ್ಡ ಸುಧಾರಣೆ ಬೇಕಾ ಅಂತ ಒಬ್ಬ. ಏನೂ ಬದಲಾಗಿಲ್ಲ, 25 ಅಂತ ಇದ್ದದ್ದನ್ನ ಒರೆಸಿ 26 ಅಂತ ಬರೆದಿದ್ದಾರೆ, ಅಪ್ಪನ ದುಡ್ಡು ಇದ್ದೋರು ತಗೊಳ್ಳಿ ಅಂತ ಇನ್ನೊಬ್ಬ. (ಆ ಅಪ್ಪ ಈರುಳ್ಳಿ ಹೆಚ್ಚುತ್ತಿದ್ದ.) ಫಿಫಾ ಅನ್ನೋ ಹೆಸರು ಬಿಟ್ಟು 2023ರಲ್ಲಿ ಎಫ್‌ಸಿ 24 ಆದಾಗಲೇ ಈ ಆಟದ ಕಳೆ ಹೋಯ್ತು ಅಂತ ಮೂರನೆಯವನು ಮುದುಕರ ಥರ ಉಸಿರು ಬಿಟ್ಟ. ಅವನಿಗೆ ಹತ್ತೊಂಬತ್ತು ವರ್ಷ.

ಎದುರು ಪಾರ್ಟಿಯಲ್ಲಿ ಒಬ್ಬನೇ. ನನ್ನ ತಂಗಿ ಮಗ, ಝುವಾರಿನಗರದಿಂದ ಬಸ್ ಹತ್ತಿ ಬಂದವನು. ಅವನದು ಮೊಬೈಲಿನಲ್ಲಿ ಇ-ಫುಟ್‌ಬಾಲ್. ಪುಕ್ಕಟೆ ಆಟ, ನಾಕು ವರ್ಷದ ಹಳೇ ಫೋನು, ಪರದೆ ಮೇಲೆ ಮೂಲೆಯಿಂದ ಮೂಲೆಗೆ ಒಂದು ಬಿರುಕು. ಟಿವಿಗೆ ಹಚ್ಚಿ ಆಡೋ ಪಿಎಸ್ 5 ಕನ್ಸೋಲಿನ ಮಂದಿ ಅವನನ್ನ ಸುತ್ತುಗಟ್ಟಿ, 2021ರಲ್ಲಿ ಇ-ಫುಟ್‌ಬಾಲ್ ಬಿಡುಗಡೆ ಆದಾಗ ಆಟಗಾರರ ಮುಖ ಹೆಂಗೆ ಸೊಟ್ಟ ಸೊಟ್ಟ ಬಂದಿತ್ತು, ಜನ ಹೆಂಗೆ ಉಗಿದಿದ್ರು ಅಂತೆಲ್ಲ ಕೆದಕಿ ನಗಾಡಿದ್ರು. "ಆಗ ಅದು ಮೊಬೈಲಿಗೆ ಬಂದಿದ್ದಿಲ್ಲಲೇ, ಬಂದಿದ್ದು ನಿಮ್ಮ ಕನ್ಸೋಲಿಗೆ!" ಅಂದ ಇವ. ಖರೇನೇ ಅದು. ಆದ್ರೆ ಎಂಟು ಬಾಯಿ ಎದುರು ಒಂದು ಬಾಯಿ ಎಷ್ಟು ಹೊತ್ತು ತಡೀತದೆ?

ಇಷ್ಟಕ್ಕೇ ಆಗಿದ್ರೆ ನಾನು ಈ ಪೋಸ್ಟ್ ಬರೀತಿರಲಿಲ್ಲ. ಕಂಟ್ರೋಲರ್ ಇದ್ದಿದ್ದು ಎರಡು. ಎಲ್ಲರ ಸರದಿ ಆಗ್ತಾ ಬಂತು, ಇವನದು ಬರಲಿಲ್ಲ. "ನನಗ ಯಾವಾಗ ಕೊಡ್ತೀರಿ?" ಅಂತ ಕೇಳಿದ. ಎರಡನೇ ಬಿಲ್ಡಿಂಗಿನ ಒಬ್ಬ ಹುಡುಗ ಟಿವಿಯಿಂದ ಕಣ್ಣು ಕೀಳದೇ ಅಂದ, "ತೂ ಗೋಲಿ ರೆಹ್ ನಾ. ಕಂಟ್ರೋಲರ್ ಕೀ ಜರೂರತ್ ಹೀ ನಹೀಂ." ನೀನು ಗೋಲಿ, ಅಂದ್ರೆ ಗೋಲ್‌ಕೀಪರ್ ಆಗಿರು, ಕಂಟ್ರೋಲರ್ ಬೇಕಾಗೇ ಇಲ್ಲ ಅಂತ.

ಎಲ್ಲರೂ ನಕ್ಕರು. ಅಳಿಯನೂ ನಕ್ಕ. ಜೋಕು ಚೆನ್ನಾಗೇ ಇತ್ತು, ಇಲ್ಲ ಅನ್ನಲ್ಲ. ಆದ್ರೆ ನನ್ನ ಕೈಯಲ್ಲಿ ಚಾಕು ಹಾಗೇ ನಿಂತಿತು.

ಗೊತ್ತಿಲ್ಲದವರಿಗೆ: ಈ ಆಟಗಳಲ್ಲಿ ಚೆಂಡಿನ ಹತ್ರ ಇರೋ ಒಬ್ಬ ಆಟಗಾರ ಮಾತ್ರ ನಿಮ್ಮ ಕೈಯಲ್ಲಿ. ಪಾಸ್ ಕೊಟ್ರೆ ಹಿಡಿತವೂ ಮುಂದಿನವನಿಗೆ ಹೋಗ್ತದೆ. ಹೀಗೆ ಹತ್ತು ಮಂದಿಯ ಮೈಯಲ್ಲೂ ನೀವು ಹೊಕ್ಕು ಹೊರಗೆ ಬರ್ತೀರಿ. ಹನ್ನೊಂದನೆಯವನೇ ಗೋಲಿ. ಅವನನ್ನ ಕಂಪ್ಯೂಟರಿಗೆ ಬಿಟ್ಟಿದ್ದಾರೆ. ಗುಂಡಿ ಒತ್ತಿದ್ರೆ ಮುಂದೆ ಓಡಿ ಬರ್ತಾನೆ, ಇಲ್ಲಾಂದ್ರೆ ತನ್ನ ಪಾಡಿಗೆ ನಿಂತಿರ್ತಾನೆ. ಯಾರೂ ಅವನಾಗಿ ಆಡಲ್ಲ. ಗೋಲು ಬಿದ್ದಾಗ ಮಾತ್ರ ಎಲ್ಲರಿಗೂ ಅವನ ನೆನಪು.

ನಿನ್ನೆ ಹಂಗೇ ಆಯ್ತು. ಮಗ ಗೋಲು ಬಿಟ್ಟುಕೊಟ್ಟ, "ಈ ಗೋಲಿ ಏನ್ ಮಣ್ಣು ತಿಂತಿದ್ದಾನಾ!" ಅಂತ ಕಿರುಚಿದ. ಎರಡು ತಾಸು ಒಂದು ಮಾತಿಗೂ ಒಪ್ಪದ ಒಂಬತ್ತು ಮಂದಿ ಆ ಮಾತಿಗೆ ಮಾತ್ರ ಒಂದಾದ್ರು. ನಾನು ರೀಪ್ಲೇ ನೋಡ್ತಿದ್ದೆ. ಚೆಂಡು ಕಸಿಯೋ ಆಸೆಗೆ ನನ್ನ ಮಗನೇ ಗೋಲಿನ ಮುಂದೆ ಕಾಯೋ ಸೆಂಟರ್ ಬ್ಯಾಕ್‌ನ ಎಳಕೊಂಡು ಮಧ್ಯ ಮೈದಾನದ ತನಕ ಓಡಿದ್ದ. ಹಿಂದೆ ಟೆಂಪೋ ಹೊರಳಿಸೋವಷ್ಟು ಜಾಗ ಖಾಲಿ. ಗೋಲಿ ಮೊದಲನೇ ಹೊಡೆತ ತಡೆದಿದ್ದ, ಚಿಮ್ಮಿ ಬಂದ ಚೆಂಡಿಗೆ ನಮ್ಮವ ಒಬ್ಬನೂ ಹತ್ರ ಇರಲಿಲ್ಲ. "ಲೇ, ಆ ಜಾಗ ಬಿಟ್ಟವ ನೀನ, ಅವ ಏನ್ ಮಾಡ್ಬೇಕು?" ಅಂದೆ. "ಪಪ್ಪಾ, ನಿಮಗೆ ಗೊತ್ತಾಗಲ್ಲ" ಅಂತು ಕೂಸು.

ನನಗೆ ಗೊತ್ತಾಗಲ್ಲ! ಎಂಟು ವರ್ಷ ಗೋಲಿನಲ್ಲಿ ನಿಂತವನಿಗೆ!

ನನ್ನ ಹಳೇ ಗೆಳೆಯರಿಗೆ ಈ ಕಥೆ ಗೊತ್ತು, ಹೊಸಬರಿಗೆ ಹೇಳ್ತೀನಿ. ಅಪ್ಪ ಗದಗ ಕಡೆಯಿಂದ ಇಲ್ಲಿಗೆ ಗೌಂಡಿ ಕೆಲಸಕ್ಕೆ ಬಂದಾಗ ನನಗೆ ಒಂಬತ್ತು ವರ್ಷ. ಮಾಂಗೋರ್ ಹಿಲ್‌ನ ಇಳಿಜಾರಿನಲ್ಲಿ ಮನೆ, ಕೆಳಗೆ ಕೆಮ್ಮಣ್ಣಿನ ಒಂದು ತುಂಡು ಮೈದಾನ. ನಮ್ಮೂರಲ್ಲಿ ಗೋಲಿ ಅಂದ್ರೆ ಚಡ್ಡಿ ಕಿಸೆಯಲ್ಲಿ ಇಟ್ಟುಕೊಂಡು ಆಡೋ ಗಾಜಿನ ಗುಂಡು. ಇಲ್ಲಿ ಮೊದಲನೇ ದಿನವೇ ನನ್ನನ್ನ ಗೋಲಿ ಮಾಡಿದ್ರು. ಆಟ ನೋಡಿ ಮಾಡಿದ್ದಲ್ಲ. ನಾನು ಹೊಸಬ, ಕೊಂಕಣಿ ಬರಲ್ಲ, ಇಲ್ಲಿಯವರ ಬಾಯಲ್ಲಿ ಘಾಂಟಿ, ಅಂದ್ರೆ ಘಟ್ಟದ ಆಚೆಯವ. ಎರಡು ಕಲ್ಲಿನ ನಡುವೆ ಯಾರಿಗೂ ಬೇಡವಾದ ಜಾಗ ಇತ್ತು, ಯಾರಿಗೂ ಬೇಡವಾದ ಹುಡುಗನನ್ನ ಅಲ್ಲಿ ನಿಲ್ಲಿಸಿದ್ರು. ಲೆಕ್ಕ ಸರಿಯಾಯ್ತು.

ಆದ್ರೆ ಗೋಲಿಯ ಕೆಲಸ ಅರ್ಧ ಕೈಯಿಂದ, ಅರ್ಧ ಬಾಯಿಂದ. ಇಡೀ ಮೈದಾನ ಎದುರಿಗೆ ಕಾಣೋದು ಅವನೊಬ್ಬನಿಗೇ, ಅವನು ಕೂಗಲೇಬೇಕು. ನಾನು ಮೊದಲು ಕಲಿತ ಕೊಂಕಣಿ ಊಟದ್ದಲ್ಲ, ಅಂಗಡಿಯದ್ದಲ್ಲ. ದಾವೆಂ, ಉಜ್ವೆಂ, ಪಾಟಿಂ ಪಳೆ. ಎಡಕ್ಕೆ, ಬಲಕ್ಕೆ, ಹಿಂದೆ ನೋಡು. ಒಂದೇ ಮಳೆಗಾಲದಲ್ಲಿ ಹತ್ತು ಮಂದಿಗೆ ಕೂಗಿ ಕೂಗಿ ಆಳೋವಷ್ಟು ಭಾಷೆ ಬಂತು. ಈಗ ಈ ಗೇಮಿನ ಗೋಲಿ ಕಾರ್ಡ್ ನೋಡಿ: ಡೈವಿಂಗ್, ಹ್ಯಾಂಡ್ಲಿಂಗ್, ಕಿಕಿಂಗ್, ರಿಫ್ಲೆಕ್ಸಸ್, ಸ್ಪೀಡ್, ಪೊಸಿಷನಿಂಗ್. ಎಲ್ಲಕ್ಕೂ ಅಂಕ ಉಂಟು. ಬಾಯಿಗೆ ಅಂಕ ಇಲ್ಲ. ಮೂಕನನ್ನ ನಿಲ್ಲಿಸಿ, ಡಿಫೆನ್ಸ್ ಒಡೆದುಹೋಯ್ತು ಅಂತ ಅವನಿಗೇ ಬೈತಾರೆ.

ಗೋಲಿಗೆ ಆದ ಈ ಅನ್ಯಾಯ ಇವತ್ತಿನದಲ್ಲ. 1993ರಲ್ಲಿ ಈ ಸರಣಿಯ ಮೊದಲ ಆಟ ಬಂತಲ್ಲ, ಅದರಲ್ಲಿ ಗೋಲಿ ಚೆಂಡು ಹಿಡಿದು ಒದೆಯೋ ಹೊತ್ತಿಗೆ ನಿಮ್ಮ ಆಟಗಾರನನ್ನ ಅವನ ಎದುರು ತಂದು ನಿಲ್ಲಿಸಿದ್ರೆ ಸಾಕು, ಚೆಂಡು ಇವನಿಗೆ ಬಡಿದು ಸೀದಾ ಗೋಲಿನೊಳಗೆ. ಪ್ರಪಂಚದ ಹುಡುಗರೆಲ್ಲ ಆ ಉಪಾಯದಿಂದ ಗೆದ್ದು ಮೀಸೆ ತಿರುವಿದ್ರು. ಗೋಲಿಯಾಗಿ ನೀವೇ ಆಡಬಹುದು ಅಂತ ಅವಕಾಶ ಕೊಟ್ಟಿದ್ದು 2010ರಲ್ಲಿ, ಫಿಫಾ 11ರಲ್ಲಿ. ಹದಿನೇಳು ವರ್ಷ! ಅಷ್ಟರಲ್ಲಿ ಹುಲ್ಲು ಬದಲಾಯ್ತು, ಬೆವರು ಬಂತು, ಜೆರ್ಸಿ ಗಾಳಿಗೆ ಹಾರಾಡೋದು ಬಂತು.

ಮಗನ ವಾದವನ್ನೂ ಹೇಳಬೇಕು, ಇಲ್ಲಾಂದ್ರೆ ಕಾಮೆಂಟಿನಲ್ಲಿ ಬಂದು ಜಗಳ ತೆಗೀತಾನೆ. ಈ ಸಲ ಗೋಲಿ ಎಲ್ಲಿ ನಿಲ್ಲಬೇಕು ಅನ್ನೋದನ್ನ ಎಐಗೆ ಸಾವಿರ ಸಲ ಆಡಿಸಿ ಆಡಿಸಿ ಕಲಿಸಿದ್ದಾರಂತೆ, ರಿಇನ್ಫೋರ್ಸ್‌ಮೆಂಟ್ ಲರ್ನಿಂಗ್ ಅಂತ ಅದರ ಹೆಸರು. ಹೊಸದಾಗಿ 13 ಆರ್ಕಿಟೈಪ್, ಅಂದ್ರೆ ಆಟಗಾರರ ಮಾದರಿ ಕೊಟ್ಟಿದ್ದಾರೆ, ಅದರಲ್ಲಿ 2 ಗೋಲಿಗಳದೇ, ಹೊಡೆತ ತಡೆಯೋ ಶಾಟ್ ಸ್ಟಾಪರ್ ಮತ್ತು ಗೋಲು ಬಿಟ್ಟು ಮುಂದೆ ಬಂದು ಆಡೋ ಸ್ವೀಪರ್ ಕೀಪರ್. "ಇನ್ನೇನು ಬೇಕು ಪಪ್ಪಾ? ಸುಮ್ನೆ ಗೋಲಿನಲ್ಲಿ ನಿಂತಿರೋಕೆ ಯಾರು ದುಡ್ಡು ಕೊಡ್ತಾರೆ, ಬೋರ್ ಅಲ್ವಾ?"

ಬೋರ್ ಅಂತೆ. 2022ರ ವಿಶ್ವಕಪ್ ಫೈನಲ್, 120 ನಿಮಿಷ ಮುಗಿದ ಮೇಲಿನ ಕಡೇ ಗಳಿಗೆ, ಫ್ರಾನ್ಸಿನ ಕೋಲೊ ಮುವಾನಿ ಒಬ್ಬನೇ ಮುಂದೆ, ಅರ್ಜೆಂಟೀನಾದ ಗೋಲಿ ಮಾರ್ಟಿನೆಸ್ ಎಡಗಾಲು ಚಾಚಿ ತಡೆದ. ಆಗ ಇದೇ ಮಗರಾಯ ಇದೇ ಸೋಫಾ ಮೇಲೆ ನಿಂತು ಕುಣಿದು ಸ್ಪ್ರಿಂಗ್ ಮುರಿದಿದ್ದು, ಬೋರ್ ಆಗಿಯೇ ಇರಬೇಕು. ಇನ್ನು ಎಐ ಕಲಿತಿದ್ದು. ಯಂತ್ರಕ್ಕೆ ಕಲಿಸಿದ್ರಿ, ಸಂತೋಷ. ಹುಡುಗರಿಗೆ ಕಲಿಸಿದ್ರಾ? ಕಂಪ್ಯೂಟರ್ ಗೋಲಿ ಎಷ್ಟು ಜಾಣನಾದ್ರೆ ಮನುಷ್ಯ ಅವನನ್ನ ಅಷ್ಟು ಮರೀತಾನೆ.

"ಹೊರಗೆ ಹೋಗಿ ಆಡ್ರೋ" ಅಂತ ಬೈಯೋ ಅಪ್ಪ ನಾನಲ್ಲ, ಹಂಗಂದುಕೊಳ್ಳಬೇಡಿ. ಬಸ್ ಸ್ಟ್ಯಾಂಡ್ ಹಿಂದಿನ ಗೇಮ್ ಪಾರ್ಲರಿನಲ್ಲಿ ತಾಸಿಗೆ ಹತ್ತು ರೂಪಾಯಿ ಕೊಟ್ಟು ನಾನೂ ಪ್ರೊ ಎವಲ್ಯೂಷನ್ ಅನ್ನೋ ಫುಟ್‌ಬಾಲ್ ಗೇಮ್ ಆಡಿದವನೇ. ಲೈಸೆನ್ಸ್ ಇಲ್ಲದೇ ಲಿವರ್‌ಪೂಲ್ ಹೆಸರು ಮರ್ಸೀಸೈಡ್ ರೆಡ್ ಅಂತ ಇರ್ತಿತ್ತು, ನಮಗೆ ಬೇಜಾರೇ ಇರಲಿಲ್ಲ. ಹೊರಗಿನ ಆಟದ ಪಾಡಾದ್ರೂ ಏನು ಚೆಂದ ಇದೆ? 2025ರಲ್ಲಿ ನಮ್ಮ ದೇಶದ ದೊಡ್ಡ ಫುಟ್‌ಬಾಲ್ ಲೀಗ್ ಐಎಸ್‌ಎಲ್ ಹೊತ್ತಿಗೆ ಸರಿಯಾಗಿ ಶುರುವಾಗಲೇ ಇಲ್ಲ. ಆ ವರ್ಷ ಅಕ್ಟೋಬರಿನಲ್ಲಿ ನಮ್ಮ ಎಫ್‌ಸಿ ಗೋವಾ ಮೇಲೆ ಆಡೋಕೆ, ಆಗ ರೊನಾಲ್ಡೊ ಇದ್ದ ಸೌದಿ ತಂಡ ಅಲ್ ನಸ್ರ್ ಫಟೋರ್ಡಾ ಸ್ಟೇಡಿಯಮ್ಮಿಗೆ ಬಂತು, ರೊನಾಲ್ಡೊ ಬರಲಿಲ್ಲ. ನಮ್ಮವರು 2-1ರಲ್ಲಿ ಸೋತ್ರೂ ಬ್ರೈಸನ್ ಹೊಡೆದ ಗೋಲಿಗೆ ನಾನು ಗಂಟಲು ಹರಿದುಕೊಂಡೆ. ವಾಪಸ್ ಬರೋವಾಗ ಇಡೀ ದಾರಿ ಹುಡುಗರ ಮಾತು ಬರದೇ ಇದ್ದವನ ಬಗ್ಗೆಯೇ.

ಇರಲಿ, ಗೋಲಿ ವಿಷಯಕ್ಕೆ ಬರ್ತೀನಿ. ಸ್ಟ್ರೈಕರುಗಳ ಹೆಸರು ಮಗ್ಗಿ ಥರ ಒಪ್ಪಿಸ್ತಾರಲ್ಲ ಈ ಒಂಬತ್ತು ಮಂದಿ, ಬ್ರಹ್ಮಾನಂದ ಸಂಖವಾಳ್ಕರ್ ಯಾರು ಅಂತ ಕೇಳಿದೆ. ಒಬ್ಬನಿಗೂ ಗೊತ್ತಿಲ್ಲ! ಗೋವಾದ ಗೋಲಿ, ಭಾರತ ತಂಡದ ಕ್ಯಾಪ್ಟನ್ ಆದವರು, ಇದೇ ವಾಸ್ಕೋದ ಸಾಲ್ಗಾಂವ್‌ಕರ್ ತಂಡಕ್ಕೆ ವರ್ಷಗಟ್ಟಲೆ ಆಡಿದವರು, 2022ರಲ್ಲಿ ಪದ್ಮಶ್ರೀ ಬಂತು. ಫುಟ್‌ಬಾಲ್ ನಡೆಯೋ ತಿಲಕ್ ಮೈದಾನ ನಮ್ಮ ಮನೆಯಿಂದ ನಡೆದು ಹೋಗೋ ದೂರ. ಸೋವಿಯತ್ ಗೋಲಿ ಲೆವ್ ಯಾಶಿನ್ ಮಾತ್ರ ಗೊತ್ತು, ಯಾಕಂದ್ರೆ ಅವರ ಕಾರ್ಡ್ ಗೇಮಿನಲ್ಲಿ ಬಂದಿತ್ತು. ವರ್ಷದ ಶ್ರೇಷ್ಠ ಆಟಗಾರನಿಗೆ ಕೊಡೋ ಬ್ಯಾಲನ್ ಡಿ'ಓರ್ ಪ್ರಶಸ್ತಿಯನ್ನ 1963ರಲ್ಲಿ ಗೆದ್ದ ಒಬ್ಬನೇ ಒಬ್ಬ ಗೋಲಿ, ಅವತ್ತಿಂದ ಇವತ್ತಿನವರೆಗೆ ಆ ಪ್ರಶಸ್ತಿಗೆ ಇನ್ನೊಬ್ಬ ಗೋಲಿ ಸಿಕ್ಕಿಲ್ಲ. ಅಲ್ಲೂ ಇದೇ ಕಥೆ.

ಇನ್ನೊಂದು ಹೇಳಿಬಿಡ್ತೀನಿ, ಇದನ್ನ ಮನೆಯಲ್ಲೂ ಹೇಳಿಲ್ಲ. ಹತ್ತನೇ ಕ್ಲಾಸಿನಲ್ಲಿದ್ದಾಗ ವಾಡೆಗಳ, ಅಂದ್ರೆ ಕೇರಿಗಳ ನಡುವಿನ ಫೈನಲ್. ಜಿಟಿಜಿಟಿ ಮಳೆ. ಕಡೇ ಐದು ನಿಮಿಷದಲ್ಲಿ ಒಂದು ಸಾದಾ ಹೊಡೆತ, ಉರುಳಿಕೊಂಡು ಬಂತು, ಬಗ್ಗಿದೆ, ಕೆಸರಿನಲ್ಲಿ ಜಾರಿ ಕಾಲ ಸಂದಿಯಿಂದ ಹೋಯ್ತು. ನಮ್ಮ ಸ್ಟ್ರೈಕರ್ ಅವತ್ತು ಮೂರು ಖಾಲಿ ಗೋಲು ತಪ್ಪಿಸಿದ್ದ, ಸಂಜೆ ಅವನಿಗೆ ಸಮಾಧಾನ ಮಾಡಿ ಭಾಜಿ-ಪಾವ್ ತಿನ್ನಿಸಿದ್ರು. ನಾನು ಹಿಂದಿನ ದಾರಿ ಹಿಡಿದು ಮನೆಗೆ ಹೋದೆ. ಆ ಮಹಾನುಭಾವ ಈಗಲೂ ನನ್ನ ಅಂಗಡಿಗೆ ಝೆರಾಕ್ಸ್‌ಗೆ ಬರ್ತಾನೆ, ಬರುವಾಗೆಲ್ಲ ಬಗ್ಗಿ ಕಾಲು ಅಗಲಿಸಿ ತೋರಿಸಿ ನಗ್ತಾನೆ. ಮೂವತ್ತು ವರ್ಷ ಆಯ್ತು. ಅವನಿಗೆ ಮಾತ್ರ ಒಂದು ಪುಟಕ್ಕೆ ಎರಡು ರೂಪಾಯಿ ಜಾಸ್ತಿ ತಗೋತೀನಿ.

ಸಂಜೆ ಎಲ್ಲರೂ ಹೋದ್ರು. ಅಳಿಯನನ್ನ ಊಟ ಮಾಡಿಕೊಂಡು ಹೋಗು ಅಂತ ತಡೆದೆ. ರೊಟ್ಟಿ, ಝುಣಕ ಉಂಡು ಕೈ ತೊಳೆದ ಮೇಲೆ ಅವನ ಕೈಗೆ ಒಂದು ಕಂಟ್ರೋಲರ್ ಕೊಟ್ಟೆ, ಇನ್ನೊಂದು ನಾನು ಹಿಡಿದೆ. ಗೋಲಿಯನ್ನ ಸರಿಸೋಕೆ ಒಂದು ದಾರಿ ಉಂಟಂತೆ, ಬಲಗಡೆ ಸ್ಟಿಕ್‌ನ ಒಳಕ್ಕೆ ಒತ್ತಿ ಹಿಡಿದುಕೊಂಡೇ ಆ ಕಡೆ ಈ ಕಡೆ ಮಾಡಬೇಕು. ಮಗ ಹೇಳಿಕೊಟ್ಟು, "ಆನ್‌ಲೈನ್‌ನಲ್ಲಿ ಇದನ್ನ ಮಾಡೋರಿಗೆ ಜನ ಬೈತಾರೆ" ಅಂತಲೂ ಹೇಳಿ ಮಲಗೋಕೆ ಹೋದ. ಉಳಿದ ಹತ್ತು ಮಂದಿ ಏನಾದ್ರೂ ಮಾಡಿಕೊಳ್ಳಲಿ ಅಂತ ನಾನು ಅದೊಂದನ್ನೇ ಒತ್ತಿ ಕೂತೆ. ಅಳಿಯ ಮೊದಲು ಗುಂಡಿ ಹುಡುಕಿ ತಡವರಿಸಿದ, ಆಮೇಲೆ ಹೊಡೀತಾ ಹೋದ. ಒಂದು, ಎರಡು, ಆರು. ಏಳನೇದು ಹತ್ತಿರದ ಕಂಬದ ಕಡೆ ಬಂತು. ನಾನು ಅಲ್ಲೇ ಸರಿಸಿದ್ದೆ. ಗೋಲಿ ಬಿದ್ದು ಚೆಂಡನ್ನ ಎದೆಗೆ ಅಪ್ಪಿಕೊಂಡ.

"ಮಾಮಾ, ಅದು ನೀವ ಹಿಡದ್ರೋ, ಕಂಪ್ಯೂಟರ್ ಹಿಡೀತೋ?"

ನಾನ ಹಿಡದೆ ಅಂದೆ. ನನಗೂ ಖಾತ್ರಿ ಇಲ್ಲ. ಇವತ್ತು ಬೆಳಿಗ್ಗೆಯಿಂದ ಬಲಗೈ ಹೆಬ್ಬೆರಳು ಮಡಚೋಕೆ ಬರ್ತಿಲ್ಲ, ಇಷ್ಟುದ್ದ ಎಡಗೈಯಲ್ಲೇ ಒತ್ತಿದ್ದೀನಿ, ಕಾಗುಣಿತ ತಪ್ಪಿದ್ರೆ ಹೊಟ್ಟೆಗೆ ಹಾಕಿಕೊಳ್ಳಿ.