ಎರಡು ಇಂಚು ಮೂರು ಸೂತು

ಮಗುವಿಗೆ ಮಂಚ ಕೊಳ್ಳಲು ಹೊರಟ ಸಂಸಾರ ಅಂಗಡಿಗೆ ಕಾಲಿಟ್ಟ ಕೂಡಲೇ ಮಾಡುವ ಕೆಲಸ, ಮರವನ್ನು ಬೆರಳ ಗೆಣ್ಣಿನಿಂದ ಕುಟ್ಟಿ ನೋಡುವುದು. ತೆಂಗಿನಕಾಯಿ ಆರಿಸುವವರ ಗತ್ತು ಅದಕ್ಕಿರುತ್ತದೆ. ತಾತ ಕುಟ್ಟಿ, "ಇದು ತೇಗ ಅಲ್ಲವಲ್ಲಯ್ಯ" ಅನ್ನುತ್ತಾರೆ. "ತೇಗಕ್ಕಿಂತ ಗಟ್ಟಿ ಯಜಮಾನ್ರೇ" ಅಂತ ಅಂಗಡಿಯವನ ಉತ್ತರ ತಯಾರಾಗಿಯೇ ಇರುತ್ತದೆ. ಅಜ್ಜಿ ಬಣ್ಣ ನೋಡುತ್ತಾರೆ, ಸೊಸೆ ಬೆಲೆಯ ಚೀಟಿ ಹುಡುಕುತ್ತಾಳೆ, ಮಗ ಮೂಲೆಯಲ್ಲಿ ನಿಂತು ಇದೇ ಮಂಚ ಆನ್‌ಲೈನಿನಲ್ಲಿ ಎಷ್ಟಕ್ಕಿದೆ ಎಂದು ಫೋನು ಉಜ್ಜುತ್ತಾನೆ. ಇಷ್ಟು ಜನರಲ್ಲಿ ಯಾರ ಕಣ್ಣೂ ಬೀಳದ ಜಾಗವೊಂದಿದೆ: ಮಂಚದ ಪಕ್ಕದಲ್ಲಿ ಸಾಲಾಗಿ ನಿಲ್ಲಿಸಿದ ಪಟ್ಟಿಗೂ ಪಟ್ಟಿಗೂ ನಡುವಿನ ಖಾಲಿ. ದುಡ್ಡು ಎಣಿಸುವುದು ಮರಕ್ಕೆ. ಮಗುವಿಗೆ ಆಗಬಹುದಾದ ಅಪಾಯಗಳೆಲ್ಲ ಕಾದು ಕುಳಿತಿರುವುದು ಮರ ಇಲ್ಲದ ಕಡೆ.

ಹಾಗೆ ನೋಡಿದರೆ ಬೆಂಗಳೂರಿನವರಿಗೆ ಸಂದಿನ ಲೆಕ್ಕ ಯಾರೂ ಹೇಳಿಕೊಡಬೇಕಿಲ್ಲ. ಚಿಕ್ಕಪೇಟೆಯ ಓಣಿಯಲ್ಲಿ ಆಟೋದವರ ಸೂತ್ರ ಒಂದೇ: ಮುಂದಿನ ಚಕ್ರ ತೂರಿದರೆ ಆಟೋ ತೂರಿತು. ಎಳೆಮಗುವಿನ ವಿಷಯದಲ್ಲಿ ಈ ಸೂತ್ರ ತಿರುಗುಮುರುಗು. ಮೊದಲು ಕಾಲು ತೂರುತ್ತದೆ, ಆಮೇಲೆ ಸೊಂಟ ಅಡ್ಡಡ್ಡಲಾಗಿ ಜಾರುತ್ತದೆ, ತಲೆ ಮಾತ್ರ ಒಳಗೇ ಸಿಕ್ಕಿಕೊಳ್ಳುತ್ತದೆ. ಮೈಭಾರವೆಲ್ಲ ಕುತ್ತಿಗೆಯ ಮೇಲೆ ಬೀಳುವುದು ಆಗಲೇ. ಆದ್ದರಿಂದಲೇ ಅಮೆರಿಕದ ನಿಯಮ ಪಟ್ಟಿಗಳ ನಡುವಿನ ಸಂದು 2 3/8 ಇಂಚು, ಅಂದರೆ ಸುಮಾರು 6 ಸೆಂ.ಮೀ. ದಾಟಬಾರದು ಅನ್ನುತ್ತದೆ. ಇಂಚಿಗೆ ಎಂಟು ಸೂತು ಎಣಿಸುವ ನಮ್ಮ ಬಡಗಿಗಳ ಬಾಯಲ್ಲಿ ಇದು ಎರಡು ಇಂಚು ಮೂರು ಸೂತು. ಇಷ್ಟು ಹೇಳಿದರೆ ಸಾಕು, ಕಿವಿಯ ಮೇಲಿನ ಪೆನ್ಸಿಲು ತಾನಾಗಿ ಕೆಳಗಿಳಿಯುತ್ತದೆ. ಯುರೋಪಿನ ಮಾನದಂಡ 4.5ರಿಂದ 6.5 ಸೆಂ.ಮೀ. ಒಳಗೆ ಇರಲಿ ಅನ್ನುತ್ತದೆ. ಹೆಚ್ಚಾದರೆ ಮೈ ಜಾರುತ್ತದೆ, ಕಮ್ಮಿಯಾದರೆ ಕೈಕಾಲು ಸಿಕ್ಕಿಕೊಳ್ಳುತ್ತದೆ. ಬೆರಳು ಸಿಕ್ಕುವ ತೂತುಗಳ ಅಳತೆಯೇ ಬೇರೆ: 7ರಿಂದ 12 ಮಿ.ಮೀ. ನಡುವಿನ ಆಳವಾದ ತೂತು ಯಾವುದಿದ್ದರೂ ಪುಟ್ಟ ಬೆರಳು ಒಳಗೆ ಹೋಗಿ ವಾಪಸು ಬರಲು ತಕರಾರು ಮಾಡುತ್ತದೆ. ಜೋಡಿಸಿದ ಮೇಲೆ ತೆರೆದೇ ಉಳಿದ ಬೋಲ್ಟಿನ ತೂತುಗಳನ್ನು ಒಂದು ಸಲ ಎಣಿಸಿ ನೋಡುವುದು ಒಳ್ಳೆಯದು.

ಅಂಗಡಿಗೆ ಟೇಪು ಒಯ್ಯಲು ಸಂಕೋಚವಾದರೆ ಗಲ್ಲಿ ಕ್ರಿಕೆಟ್ಟಿನ ಟೆನಿಸ್ ಚೆಂಡು ಜೇಬಿನಲ್ಲಿರಲಿ. ಅದರ ಅಡ್ಡಳತೆ ಆರೂವರೆ ಸೆಂ.ಮೀ. ಮೇಲೆಯೇ. ಅಮುಕದೆ ಪಟ್ಟಿಗಳ ನಡುವೆ ಚೆಂಡು ದಾಟಿತೋ, ಆ ಮಂಚಕ್ಕೆ ಕೈಮುಗಿದು ಹೊರಡಬಹುದು. ದಾಟದಿದ್ದ ಮಾತ್ರಕ್ಕೆ ಪಾಸಾಯಿತು ಎಂದಲ್ಲ. ಅಲ್ಲಿಂದ ಮುಂದೆ ಟೇಪೇ ಗತಿ.

ಬಡಗಿಯ ಕೈಲಿ ಮಾಡಿಸುವವರು ಗಮನಿಸಬೇಕಾದ ಒಂದು ಸಣ್ಣ ಗಣಿತವಿದೆ. ಮಂಚದ ಒಳಗಿನ ಉದ್ದ 120 ಸೆಂ.ಮೀ., ಪಟ್ಟಿಯ ಅಗಲ 2 ಸೆಂ.ಮೀ. ಎಂದಿಟ್ಟುಕೊಳ್ಳಿ. 15 ಪಟ್ಟಿ ಹಾಕಿದರೆ ಮರ 30 ಸೆಂ.ಮೀ. ತಿನ್ನುತ್ತದೆ, ಉಳಿದ 90 ಅನ್ನು 16 ಸಂದುಗಳು ಹಂಚಿಕೊಳ್ಳುತ್ತವೆ. ತಲಾ 5.6, ನಿಶ್ಚಿಂತೆ. ಬಡಗಿ ಒಂದೇ ಒಂದು ಪಟ್ಟಿ ಉಳಿಸಿ 14 ಹಾಕಿದನೆಂದರೆ 92 ಸೆಂ.ಮೀ. 15 ಸಂದುಗಳಿಗೆ ಬಂತು, ತಲಾ 6.1. ಕಣ್ಣಿಗೆ ವ್ಯತ್ಯಾಸವೇ ಕಾಣದು, ಅಮೆರಿಕದ ಗೆರೆ ಮಾತ್ರ ದಾಟಿರುತ್ತದೆ. ಇಷ್ಟರ ಮೇಲೆ ತೆಳ್ಳಗಿನ ಪಟ್ಟಿ ಬಾಗುತ್ತದೆ ಬೇರೆ. ಎರಡು ಪಟ್ಟಿ ಹಿಡಿದು ಎಳೆದಾಗ ಬಿಲ್ಲಿನಂತೆ ಬಗ್ಗಿದರೆ ಟೇಪು ಹೇಳಿದ ಅಳತೆಗೆ ಬೆಲೆಯಿಲ್ಲ. ಮಗುವೂ ಎಂಟನೇ ತಿಂಗಳ ಸುಮಾರಿಗೆ ಅದನ್ನೇ ಮಾಡುತ್ತದೆ, ದಿನಾ, ಅಳುತ್ತಾ.

ಮರ ಯಾವುದಾದೀತು ಎನ್ನುವ ಪ್ರಶ್ನೆಗೆ ಸಿದ್ದಯ್ಯ ರಸ್ತೆಯ ಮರದ ಅಂಗಡಿಗಳ ಮುಂದೆ ಒಂದು ಮಧ್ಯಾಹ್ನ ಪೂರ್ತಿ ವಾದ ಮಾಡಬಹುದು. ತೇಗ, ಹೊನ್ನೆ, ಬೇವು, ರಬ್ಬರ್ ಮರ, ಯಾವುದೂ ನಡೆಯುತ್ತದೆ. ಮಗುವಿನ ತೂಕ ಹೊರಲು ಬೀಟೆ ಬೇಕಿಲ್ಲ. ಒಣಗಿದ ಮರವಾಗಿರಬೇಕು, ಸಿಬಿರು ಏಳಬಾರದು, ಗಂಟು ಪಟ್ಟಿಯ ನಡುವೆ ಬಂದಿರಬಾರದು. ಹಸಿಮರ ಮಳೆಗಾಲದಲ್ಲಿ ಉಬ್ಬಿ ಬಿಗಿಯಾಗಿ ಕೂತು, ಮಾರ್ಚಿ ಬಂದಾಗ ಕುಗ್ಗಿ, ಕೀಲುಗಳೆಲ್ಲ ಕಿರುಗುಟ್ಟತೊಡಗುತ್ತವೆ.

ನಿಜವಾದ ತಲೆನೋವು ಕೀಲುಗಳದ್ದು. ಹನ್ನೊಂದು ತಿಂಗಳ ಕರಾರಿನ ಮೇಲೆ ಬದುಕುವ ಊರು ಇದು. ಮಂಚ ರಾಜಾಜಿನಗರದಲ್ಲಿ ಜೋಡಣೆಯಾದರೆ ಮುಂದಿನ ವರ್ಷ ಯಲಹಂಕಕ್ಕೆಂದು ಬಿಚ್ಚಿಸಿಕೊಳ್ಳುತ್ತದೆ. ಮರಕ್ಕೆ ನೇರವಾಗಿ ಕೊರೆದ ಸ್ಕ್ರೂ ಎರಡು ಮೂರು ಸಲ ಬಿಚ್ಚಿ ಹಾಕುವಷ್ಟರಲ್ಲಿ ತೂತನ್ನು ಸವೆಸಿಬಿಡುತ್ತದೆ. ಬೆಂಕಿಕಡ್ಡಿ ತುರುಕಿ ಫೆವಿಕಾಲ್ ಸುರಿದು ಮತ್ತೆ ಬಿಗಿಯುವ ಪರಂಪರಾಗತ ವಿದ್ಯೆ ಗೋಡೆಯ ಸ್ಟ್ಯಾಂಡಿಗೆ ಸಾಕು, ಮಗುವಿನ ಮಂಚಕ್ಕೆ ಸಲ್ಲದು. ಕಬ್ಬಿಣದ ಬೋಲ್ಟು, ಅದನ್ನು ಹಿಡಿಯಲು ಮರದೊಳಗೆ ಕೂತ ಲೋಹದ ನಟ್ಟು, ಬಿಗಿಯಲು ಅಲೆನ್ ಕೀ ಎಂಬ ಆರು ಮೂಲೆಯ ಬಾಗಿದ ಕಡ್ಡಿ, ಈ ಜೋಡಿ ಇರುವ ಮಂಚ ಎಷ್ಟು ಸಲ ಬಿಚ್ಚಿದರೂ ಹಳೆಯ ಬಿಗಿಗೆ ಬರುತ್ತದೆ. ತಿಂಗಳಿಗೊಮ್ಮೆ ಎಲ್ಲ ಬೋಲ್ಟನ್ನೂ ಕಾಲು ಸುತ್ತು ತಿರುವಿ ನೋಡಬೇಕು. ಆಯುಧ ಪೂಜೆಯ ದಿನ ಆ ಅಲೆನ್ ಕೀಗೂ ಒಂದು ಕುಂಕುಮದ ಬೊಟ್ಟು ಇಟ್ಟರೆ, ಅದು ಎಲ್ಲಿದೆ ಎಂದು ವರ್ಷಕ್ಕೊಮ್ಮೆಯಾದರೂ ಮನೆಯವರಿಗೆ ತಿಳಿದಿರುತ್ತದೆ.

ಒಂದು ಪಕ್ಕವನ್ನು ಮೇಲಕ್ಕೂ ಕೆಳಕ್ಕೂ ಜಾರಿಸುವ ಮಂಚ ಸೆಕೆಂಡ್ ಹ್ಯಾಂಡ್ ಮಾಲಿನಲ್ಲಿ ಕಂಡರೆ ಮುಂದೆ ನಡೆಯಿರಿ. ಬಾಣಂತಿಗೆ ಬಗ್ಗುವ ಶ್ರಮ ಉಳಿಸಲು ಹುಟ್ಟಿದ ಉಪಾಯ ಅದು. ಪ್ಲಾಸ್ಟಿಕ್ಕಿನ ಹಿಡಿಕೆ ಒಂದು ಮೂಲೆಯಲ್ಲಿ ಮುರಿದರೆ ಪಕ್ಕ ವಾರೆಯಾಗಿ ಇಂಗ್ಲಿಷಿನ ವಿ ಆಕಾರದ ಸಂದು ಬಿಡುತ್ತದೆ. ಮಗು ಉರುಳಿ ಅದರೊಳಗೇ ಸಿಕ್ಕಿಕೊಳ್ಳುತ್ತದೆ. ಅಮೆರಿಕ 2011ರಲ್ಲಿ ಇವುಗಳ ತಯಾರಿಕೆಯನ್ನೂ ಮಾರಾಟವನ್ನೂ ನಿಲ್ಲಿಸಿತು.

ಮಂಚದ ಸಂದು ಸರಿಯಾಯಿತು ಎಂದು ಉಸಿರು ಬಿಡುವಷ್ಟರಲ್ಲಿ ಹಾಸಿಗೆಯ ಸಂದು ಎದುರಾಗುತ್ತದೆ. ಹಾಸಿಗೆಗೂ ಮಂಚದ ಪಕ್ಕಕ್ಕೂ ನಡುವೆ ಎರಡು ಬೆರಳಿಗಿಂತ ಹೆಚ್ಚು ಜಾಗ ಇರಕೂಡದು. ಇದ್ದರೆ ಮಗುವಿನ ಮುಖ ಆ ಕಂದಕಕ್ಕೆ ಇಳಿಯುತ್ತದೆ. ಹಾಸಿಗೆ ಮಾಡಿಸುವವರು ಮಂಚದ ಹೊರ ಅಳತೆ ಕೊಟ್ಟು ಮೋಸ ಹೋಗುವುದುಂಟು, ಒಳ ಅಳತೆಯನ್ನು ಎರಡೂ ತುದಿಯಲ್ಲಿ ಹಿಡಿದು ಕೊಡಬೇಕು. ಸಣ್ಣ ಮಂಚಕ್ಕೆ 60ಕ್ಕೆ 120 ಸೆಂ.ಮೀ., ದೊಡ್ಡದಾಗುತ್ತಾ ಬರುವ ಮಗುವಿಗೂ ಆಗಲಿ ಎನ್ನುವ ಮಂಚಕ್ಕೆ 70ಕ್ಕೆ 140 ಸಾಮಾನ್ಯವಾಗಿ ಸಿಗುವ ಅಳತೆಗಳು. ಹೊದಿಕೆಯ ಬಟ್ಟೆ ಒಗೆದ ಮೇಲೆ ಕುಗ್ಗಿದರೆ ಹಾಸಿಗೆಯ ಮೂಲೆಗಳು ಹಪ್ಪಳದಂತೆ ಮೇಲಕ್ಕೇಳುತ್ತವೆ, ಅಲ್ಲಿ ಮತ್ತೆ ಸಂದು.

ಮೆತ್ತಗಿರಲಿ ಎನ್ನುವುದು ಪ್ರೀತಿಯ ಮಾತು. ಬೂರುಗದ ಹತ್ತಿಯ ಹಾಸಿಗೆ ಅಜ್ಜಿಯರ ಪ್ರೀತಿಯ ಪರಮಾವಧಿ. ಆದರೆ ಮಗು ಅದರಲ್ಲಿ ಹೂತುಹೋಗುತ್ತದೆ. ಮಗುಚಿಕೊಂಡರೆ ಮೂಗಿನ ಸುತ್ತ ಹತ್ತಿಯ ಗುಳಿ ಬೀಳುತ್ತದೆ, ತಾನು ಬಿಟ್ಟ ಉಸಿರನ್ನೇ ಮತ್ತೆ ಎಳೆದುಕೊಳ್ಳಬೇಕಾಗುತ್ತದೆ. ಅಂಗೈಯಿಂದ ಒತ್ತಿ ತೆಗೆದಾಗ ಹಾಸಿಗೆ ತಕ್ಷಣ ಮೊದಲಿನಂತಾಗಬೇಕು, ಅಂಗೈ ಗುರುತು ಉಳಿಯಬಾರದು. ತೆಂಗಿನ ನಾರಿನ ಹಾಸಿಗೆಯೋ ಗಟ್ಟಿ ಫೋಮೋ ಇದಕ್ಕೆ ಒಗ್ಗುತ್ತದೆ, ದಪ್ಪ ಸುಮಾರು 10 ಸೆಂ.ಮೀ. ಸಾಕು. ದಪ್ಪ ಹೆಚ್ಚಾದಷ್ಟೂ ಪಕ್ಕದ ಎತ್ತರ ಕುಗ್ಗುತ್ತದೆ ಎನ್ನುವುದನ್ನು ಮರೆತು ಹಾಸಿಗೆಯ ಮೇಲೆ ಇನ್ನೊಂದು ಹಾಸಿಗೆ ಹಾಕುವವರಿದ್ದಾರೆ. ಮೇಲೆ ಒಂದು ರಬ್ಬರ್ ಶೀಟು, ಬಿಗಿಯಾಗಿ ಕೂರುವ ಒಂದು ಹತ್ತಿ ಬಟ್ಟೆ, ಅಲ್ಲಿಗೆ ಮುಗಿಯಿತು.

ಅಲ್ಲಿಗೆ ಮುಗಿಸಲು ಅಂಗಡಿಯವನು ಬಿಡಬೇಕಲ್ಲ! ಮಂಚದ ಜೊತೆಗೊಂದು ಸೆಟ್ಟು ಇರುತ್ತದೆ: ತಲೆದಿಂಬು, ಎರಡು ಪಕ್ಕಕ್ಕೂ ಉದ್ದನೆಯ ದುಂಡು ದಿಂಬು, ರಜಾಯಿ, ಪಟ್ಟಿಗಳಿಗೆ ಕಟ್ಟುವ ಮೆತ್ತನೆಯ ಬಂಪರು. ಫೋಟೋಕ್ಕೆ ಬಲು ಚೆಂದ. ಮಗುವಿನ ತಲೆ ಪಟ್ಟಿಗೆ ಬಡಿಯದಿರಲಿ ಎಂದು ಕಟ್ಟುವ ಬಂಪರಿಗೆ ಮುಖ ಒತ್ತಿಕೊಂಡು ಉಸಿರುಗಟ್ಟುತ್ತದೆ, ಸ್ವಲ್ಪ ಬೆಳೆದ ಮಗು ಅದನ್ನೇ ಮೆಟ್ಟಿಲು ಮಾಡಿಕೊಂಡು ಹತ್ತುತ್ತದೆ. ಅಮೆರಿಕ 2022ರ ಕಾನೂನಿನಲ್ಲಿ ಇದರ ಮಾರಾಟವನ್ನೇ ನಿಷೇಧಿಸಿತು. ತಲೆ ದುಂಡಗಾಗಲಿ ಎಂದು ಇಡುವ ಸಾಸಿವೆ ದಿಂಬಿನ ಮಾತು ಸ್ವಲ್ಪ ಸೂಕ್ಷ್ಮ, ಅದು ಸಾಮಾನ್ಯವಾಗಿ ತವರಿನಿಂದಲೇ ಬಂದಿರುತ್ತದೆ. ಮಗುವಿಗೆ ಒಂದು ವರ್ಷ ತುಂಬುವವರೆಗೆ ಯಾವ ದಿಂಬೂ ಬೇಡ ಎನ್ನುವ ವೈದ್ಯರ ಮಾತಿಗೆ ಸಾಸಿವೆಯೂ ಸೇರುತ್ತದೆ. ಎಚ್ಚರವಿದ್ದಾಗ ಕಣ್ಣೆದುರಿಗೆ ಹೊಟ್ಟೆಯ ಮೇಲೆ ಮಲಗಿಸಿ ಆಡಿಸಿದರೆ ತಲೆಯ ಹಿಂಭಾಗ ಚಪ್ಪಟೆಯಾಗುವುದು ತಪ್ಪುತ್ತದೆ. ಹಾಗೆ ಹೇಳಿ ದಿಂಬನ್ನು ಗೌರವದಿಂದ ಬೀರುವಿನಲ್ಲಿಡಬಹುದು.

ನಿದ್ದೆಗೆ ಮಾತ್ರ ಬೆನ್ನ ಮೇಲೇ ಮಲಗಿಸಬೇಕು. ಅಮೆರಿಕದಲ್ಲಿ 1994ರಿಂದ ಇದನ್ನು ಮನೆಮನೆಗೆ ಹೇಳಿದ ಮೇಲೆ ಎಳೆಮಕ್ಕಳ ದಿಢೀರ್ ಸಾವು ಹತ್ತು ವರ್ಷದಲ್ಲಿ ಸುಮಾರು ಅರ್ಧಕ್ಕೆ ಇಳಿಯಿತು. "ಕಕ್ಕಿಕೊಂಡರೆ ಗಂಟಲಿಗೆ ಹೋಗಲ್ವೇನೇ?" ಎನ್ನುವ ಅಜ್ಜಿಯ ಪ್ರಶ್ನೆ ನ್ಯಾಯವಾದದ್ದೇ. ಬೆನ್ನ ಮೇಲೆ ಮಲಗಿದಾಗ ಉಸಿರಿನ ಕೊಳವೆ ಮೇಲೆ, ಅನ್ನನಾಳ ಕೆಳಗೆ. ಕಕ್ಕಿದ ಹಾಲು ಮೇಲಕ್ಕೆ ಹತ್ತಬೇಕಾದರೆ ಕಷ್ಟ, ಕೆಳಕ್ಕೇ ಇಳಿಯುತ್ತದೆ. ಹೊಟ್ಟೆಯ ಮೇಲೆ ಮಲಗಿದಾಗ ಈ ಅನುಕೂಲ ತಲೆಕೆಳಗು.

ಇನ್ನು ತೊಟ್ಟಿಲು. ನಾಮಕರಣಕ್ಕೆ ತೊಟ್ಟಿಲೇ ಬೇಕು, ಕಲಘಟಗಿಯ ಬಣ್ಣದ ತೊಟ್ಟಿಲೇ ಆದರೆ ಇನ್ನೂ ಭೇಷು. ಸೀರೆ ಕಟ್ಟಿದ ಜೋಲಿಯಲ್ಲಿ ಮಗು ನಿದ್ದೆ ಹೋಗುವ ವೇಗವನ್ನು ಯಾವ ಮಂಚವೂ ಮೀರಲಾರದು. ಜೋಲಿಯ ತೊಂದರೆ ಅದರ ಬಾಗಿನಲ್ಲಿದೆ. ಎಳೆಮಗುವಿನ ತಲೆ ಮೈಗೆ ಹೋಲಿಸಿದರೆ ಭಾರ, ಕುತ್ತಿಗೆಗೆ ಬಲವಿಲ್ಲ, ಬೆನ್ನು ಬಾಗಿದಾಗ ಗದ್ದ ಎದೆಗೆ ತಗಲುತ್ತದೆ, ಮೆತ್ತನೆಯ ಉಸಿರಿನ ಕೊಳವೆ ಮಡಿಚಿಕೊಳ್ಳುತ್ತದೆ. ಆ 2022ರ ಕಾನೂನು 10 ಡಿಗ್ರಿಗಿಂತ ಓರೆಯಾದ ಮಲಗುವ ಸಾಧನಗಳನ್ನೂ ತೆಗೆದುಹಾಕಿದ್ದು ಇದಕ್ಕೇ. ತೂಗುವಾಗ ಜೋಲಿ, ನಿದ್ದೆ ಹತ್ತಿದ ಮೇಲೆ ಸಪಾಟು ಮಂಚ. ಇಳಿಸುವಾಗ ಎಚ್ಚರವಾಗುತ್ತದೆ ನಿಜ, ಅದಕ್ಕೆ ಮದ್ದಿಲ್ಲ.

ಮಂಚದ ತಳವನ್ನು ಎರಡು ಮೂರು ಹಂತಕ್ಕೆ ಇಳಿಸುವಂತಿದ್ದರೆ ಬಾಣಂತಿಯ ಸೊಂಟ ಹರಸುತ್ತದೆ. ಮೇಲಿನ ಹಂತ ಮಗು ಕೂರುವವರೆಗೆ ಮಾತ್ರ. ಎದ್ದು ನಿಲ್ಲುವ ಮೊದಲೇ ಕೆಳಗಿನ ಹಂತಕ್ಕೆ ಇಳಿಸಬೇಕು, ನಿಂತ ಮೇಲಲ್ಲ. ಆಗ ತಳದಿಂದ ಪಕ್ಕದ ತುದಿಗೆ ಕನಿಷ್ಠ 60 ಸೆಂ.ಮೀ. ಇರಬೇಕು. ಮೂಲೆಯ ಕಂಬಗಳ ಮೇಲೆ ಬಡಗಿ ಪ್ರೀತಿಯಿಂದ ಕಡೆದ ಕಳಸವನ್ನು ಕೊಯ್ಯಿಸುವುದೇ ಮೇಲು. ಉಬ್ಬು 1.5 ಮಿ.ಮೀ. ದಾಟಿದರೆ ಮಗುವಿನ ಅಂಗಿಯ ಕೊರಳೋ ದೃಷ್ಟಿದಾರವೋ ಅದಕ್ಕೆ ಸಿಕ್ಕಿಕೊಳ್ಳಬಹುದು. ಪಕ್ಕದ ಮೇಲಂಚನ್ನು ಮಗು ಆರೇಳು ತಿಂಗಳಿಗೆ ಕಡಿಯಲು ಶುರುಮಾಡುತ್ತದೆ. ಮನೆ ಬಳಕೆಯ ಬಣ್ಣದಲ್ಲಿ ಸೀಸ 90 ಪಿಪಿಎಂ, ಅಂದರೆ ಹತ್ತು ಲಕ್ಷದಲ್ಲಿ 90 ಪಾಲು, ಮೀರಬಾರದೆಂಬ ನಿಯಮ ನಮ್ಮಲ್ಲಿ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕೂ ಹಿಂದೆ ಬಳಿದ ಬಣ್ಣದ ಮನೆತನದ ಮಂಚವನ್ನು ಅಟ್ಟದಿಂದ ಇಳಿಸುವವರು ಈ ಇಸವಿಯನ್ನು ನೆನಪಿಟ್ಟುಕೊಳ್ಳಲಿ. ಮನೆಯೊಳಗೆ ಕೂತು ಒಣ ಉಪ್ಪುಕಾಗದದಿಂದ ಅದನ್ನು ಉಜ್ಜುವುದಂತೂ ಬೇಡ, ಧೂಳು ಇನ್ನೂ ಕೆಟ್ಟದ್ದು.

ಮಂಚ ಎಲ್ಲಿಡಬೇಕು? ಅಪ್ಪ ಅಮ್ಮ ಮಲಗುವ ಕೋಣೆಯಲ್ಲೇ, ಕನಿಷ್ಠ ಆರು ತಿಂಗಳು. ನಮ್ಮ ಎರಡು ಬೆಡ್‌ರೂಮಿನ ಮನೆಗಳಲ್ಲಿ ಈ ಸಲಹೆಯನ್ನು ಯಾರೂ ಕೇಳಬೇಕಾಗಿಲ್ಲ, ಬೇರೆ ಕೋಣೆ ಇದ್ದರೆ ತಾನೆ. ಕಿಟಕಿಯ ಪಕ್ಕ ಬೇಡ, ಪರದೆಯ ಹಗ್ಗ ಕೈಗೆ ಸಿಗುತ್ತದೆ. ದೇವರ ಪಟದ ಕೆಳಗೂ ಬೇಡ, ಮೊಳೆಯ ಮೇಲೆ ಅಷ್ಟು ಭಕ್ತಿ ಒಳ್ಳೆಯದಲ್ಲ. ಸೊಳ್ಳೆ ಪರದೆ ಬೇಕೇಬೇಕಾದ ಊರು. ಜೋತುಬೀಳದೆ, ಮಂಚದ ಹೊರಗಿನಿಂದ ಬಿಗಿಯಾಗಿ ಕೂರುವಂಥದ್ದನ್ನು ಆರಿಸಿ, ಮಗು ಅದನ್ನು ಎಳೆಯಲು ಕಲಿತ ದಿನ ಬೇರೆ ದಾರಿ ನೋಡಬೇಕು. ಧನುರ್ಮಾಸದ ರಾತ್ರಿಯಲ್ಲೂ ಇಲ್ಲಿ 15-16 ಡಿಗ್ರಿ ಇರುತ್ತದೆ. ಮೈಗೆ ಇನ್ನೊಂದು ಅಂಗಿ ಸಾಕು, ಕೌದಿ ಹೊದಿಸಬೇಕಿಲ್ಲ.

ಎತ್ತರ 90 ಸೆಂ.ಮೀ. ಮುಟ್ಟಿದಾಗಲೋ, ಅದಕ್ಕೂ ಮೊದಲೇ ಪಕ್ಕದ ಮೇಲೆ ಕಾಲು ಎಸೆದಾಗಲೋ ಮಗು ಈ ಮಂಚಕ್ಕೆ ರಾಜೀನಾಮೆ ಕೊಡುತ್ತದೆ. ಆ ವಾರದಿಂದಲೇ ಅದರಲ್ಲಿ ಮಡಿಚದ ಬಟ್ಟೆಗಳು ಬೀಳತೊಡಗುತ್ತವೆ. ಇಸ್ತ್ರಿಯವನು ತಂದ ಗಂಟು, ಟವೆಲ್ಲು, ಒಂಟಿ ಕಾಲುಚೀಲ. ಎರಡನೇ ಕೂಸಿಗೋ ನಾದಿನಿಯ ಮಗುವಿಗೋ ಬೇಕಾದೀತು ಎಂದು ಬಿಚ್ಚಿ ಅಟ್ಟಕ್ಕೆ ಏರಿಸುವಾಗ ಬೋಲ್ಟು, ನಟ್ಟು, ಅಲೆನ್ ಕೀ ಮೂರನ್ನೂ ಎಣಿಸಿ ಒಂದು ಜಿಪ್ ಕವರಿನಲ್ಲಿ ಹಾಕಿ, ತಳದ ಹಲಗೆಗೇ ಟೇಪಿನಿಂದ ಅಂಟಿಸಿ. ಅಡುಗೆಮನೆಯ ಡಬ್ಬಿಯಲ್ಲಿ "ಜೋಪಾನವಾಗಿ" ಇಟ್ಟ ಬೋಲ್ಟುಗಳಲ್ಲಿ ಬೇಕಾದಾಗ ಒಂದು ಕಡಿಮೆ ಇರುತ್ತದೆ.