ಸ್ಪಷ್ಟನೆ: ಮೈಸೂರು ರೇಷ್ಮೆ ಸೀರೆಯ ಜರಿ ಅಪ್ಪಟ ಚಿನ್ನವಲ್ಲ

‘ಮೈಸೂರು ರೇಷ್ಮೆ ಸೀರೆಯ ಜರಿ ಅಪ್ಪಟ ಚಿನ್ನದ್ದು, ಹಳೆಯ ಸೀರೆ ಸುಟ್ಟರೆ ಚಿನ್ನ ಸಿಗುತ್ತದೆ’ ಎಂಬ ಸಂದೇಶವನ್ನು ಕಳೆದ ವಾರ ನಾನೂ ಹಂಚಿಕೊಂಡಿದ್ದೆ, ಅದು ತಪ್ಪು. ಅಸಲಿ ಜರಿಯೆಂದರೆ ರೇಷ್ಮೆ ನೂಲಿಗೆ ಚಪ್ಪಟೆಯಾದ ಬೆಳ್ಳಿಯ ಎಳೆಯನ್ನು ಸುತ್ತಿ, ಅದರ ಮೇಲೆ ಚಿನ್ನದ ತೆಳುವಾದ ಲೇಪ ಕೊಟ್ಟ ದಾರ. ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮವು ತನ್ನ ಸೀರೆಗಳ ಜರಿಯ ಬಗ್ಗೆ ತಿಳಿಸಿರುವ ಪ್ರಮಾಣ ಬೆಳ್ಳಿ ಶೇ 65, ಚಿನ್ನ ಶೇ 0.65, ಅಂದರೆ 100 ಗ್ರಾಂ ಜರಿಯಲ್ಲಿ ಒಂದು ಗ್ರಾಂ ಚಿನ್ನವೂ ಇರುವುದಿಲ್ಲ. ಮಾರುಕಟ್ಟೆಯ ಇತರ ಎಷ್ಟೋ ಸೀರೆಗಳಲ್ಲಿ ತಾಮ್ರದ ಅಥವಾ ಪ್ಲಾಸ್ಟಿಕ್ ಎಳೆಯ ಜರಿಯೂ ಇರುತ್ತದೆ. ಅಜ್ಜಿಯ ಧಾರೆ ಸೀರೆಯನ್ನು ಈ ಮಾತು ನಂಬಿ ಯಾರೂ ಬೆಂಕಿಗೆ ಹಾಕದಿರಲಿ ಎಂಬುದೇ ನನ್ನ ಕಳವಳ. ದಯವಿಟ್ಟು ಆ ಸಂದೇಶವನ್ನು ಮುಂದಕ್ಕೆ ಕಳುಹಿಸಬೇಡಿ.